ರಾಜಶ್ರೀ ಅಕ್ಕೋರ ಇತಿಹಾಸ ಪಾಠ

ನಮ್ಮ ಪುನರ್ವಸತಿ ಕೇಂದ್ರದ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಸೇರಿದ ರಾಜಶ್ರೀ ಅಕ್ಕೋರಿಗೆ ಇತಿಹಾಸವೆಂದರೆ ಜೀವ, ಲ್ಯಾಪ್‌ಟಾಪ್ ಎಂದರೆ ಅದಕ್ಕಿಂತ ಹೆಚ್ಚು. ಅವರ ನಾಲ್ಕನೆಯ ತರಗತಿಯ ಪಾಠದಲ್ಲಿ ಪರದೆಯ ಮೇಲೆ ರಾಜರು ಗಿರಗಿರನೆ ತಿರುಗುತ್ತ ಬರುತ್ತಾರೆ, ಕೋಟೆಗಳು ಮೇಲಿನಿಂದ ದೊಪ್ಪನೆ ಬೀಳುತ್ತವೆ, ಸಾಮ್ರಾಜ್ಯ ಪತನವಾದಾಗ ಚಪ್ಪಾಳೆ ಕೇಳಿಸುತ್ತದೆ. ಇದೆಲ್ಲ ತಯಾರಾಗುವುದು ಅಡುಗೆಮನೆಯಲ್ಲಿ, ಒಂದು ಕೈ ಜೋಳದ ಹಿಟ್ಟಿನಲ್ಲಿ, ಇನ್ನೊಂದು ಮೌಸಿನ ಮೇಲೆ. "ಎಷ್ಟೊತ್ತ ಅದರ ಮುಂದ ಕುಂದ್ರತಿ?" ಎಂದು ಗಂಡ ಸೋಮಲಿಂಗ ಟಿವಿಯ ಮುಂದೆ ಕುಳಿತೇ ಕೇಳುತ್ತಾನೆ. "ಆದಿಲ್‌ಶಾಹಿ ಮುಗೀಲಿ, ಚಾ ಕೊಡ್ತೇನ್ರೀ" ಎನ್ನುತ್ತಾರೆ ಅಕ್ಕೋರು. ಆದರೆ ಸೋಮವಾರದ ಪಾಠ ಮೊಂಡು ಎತ್ತಿನಂತೆ ಅಡ್ಡ ಮಲಗಿತು. ಆಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ನಮ್ಮ ಹಳೆಯ ಊರನ್ನು, ಅದನ್ನು ಕಂಡೇ ಇರದ ಮಕ್ಕಳಿಗೆ ತೋರಿಸಬೇಕಿತ್ತು. ಸಿಕ್ಕಿದ್ದು ಒಂದೇ ಚಿತ್ರ, ಪರಿಹಾರಕ್ಕಾಗಿ ಅಳತೆ ಮಾಡಿದಾಗ ತೆಗೆದ ತಮ್ಮದೇ ಮನೆಯ ಫೋಟೋ. ಬಾಗಿಲಲ್ಲಿ ಮಾವ ಮೀಸೆ ತಿರುವಿ ನಿಂತಿದ್ದಾರೆ. "ಇದರಾಗ ನೀವೆಲ್ಲಿ ಅದೀರಿ, ಅತ್ತಿ?" ಎಂದು ಕೇಳಿದರೆ ಅತ್ತೆ ನೀಲವ್ವ ನಕ್ಕರು. "ನಾನಾ? ಅಳತಿ ಮಾಡಾಕ ಬಂದ ಸಾಹೇಬ್ರಿಗೆ ಒಳಗ ಉಪ್ಪಿಟ್ಟು ಮಾಡಾಕತ್ತಿದ್ನೆವಾ. ನಿನ್ನ ಹುಡುಗ್ರು ಆ ಊರಾಗ ನಾ ಇರ್ಲೇ ಇಲ್ಲಂತ ತಿಳಕೋತಾವ, ತಿಳಕೊಳ್ಳಿ ಬಿಡು." ಅಕ್ಕೋರು ಫೋಟೋವನ್ನು ದೊಡ್ಡದು ಮಾಡಿ, ದೊಡ್ಡದು ಮಾಡಿ, ಮಾಳಿಗೆಯ ಬೆಳಕಿಂಡಿಯಿಂದ ಏಳುತ್ತಿದ್ದ ಒಲೆಯ ಹೊಗೆಯನ್ನು ಹುಡುಕಿ, ಅದಕ್ಕೊಂದು ಕೆಂಪು ಬಾಣ ಹಾಕಿ ಬರೆದರು: "ಇವರು ನೀಲವ್ವ. ಒಳಗೆ ಕೆಲಸದಲ್ಲಿದ್ದಾರೆ."