ಪರದೆಯ ಹಿಂದೆ ಹುಡುಕಿದ ಭಾನುವಾರ

ಆ ಭಾನುವಾರ ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟೆ. ಕಾರ್ಪೊರೇಷನ್ ನೀರು ಬಂದಿತ್ತು, ಹನ್ನೆರಡು ಕೊಡ ಹಿಡಿದೆ. ಹಿಟ್ಟು ಚೆನ್ನಾಗಿ ಉಬ್ಬಿತ್ತು, ಇಡ್ಲಿ ಬೇಯಿಸಿದೆ. ನಮ್ಮವರ ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತಿಕೊಟ್ಟೆ. ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿದೆ. ಮಧ್ಯಾಹ್ನದ ನಾಟಕಕ್ಕೆ ಮಗಳು ಉಡಬೇಕಾದ ರಾಣಿಯ ಸೀರೆಯಲ್ಲಿ ಅಂಚು ಒಂದು ಕಡೆ ಬಿಟ್ಟಿತ್ತು, ಹೊಲಿದೆ. ಅವಳು ಸ್ನಾನಕ್ಕೆ ಹೋದಾಗ ಅವಳ ಚೀಲ ತೆಗೆದು ನೋಡಿದೆ.

ಕೊನೆಯದು ನಾನು ದಿನಾ ಮಾಡುವ ಕೆಲಸವಲ್ಲ. ಅವತ್ತು ಮಾಡಿದೆ, ಯಾಕೆಂದರೆ ವಾರದಿಂದ ಬೀದಿಯೆಲ್ಲ ಒಂದೇ ಮಾತು. ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಕೊಡ ಕೆಳಗಿಟ್ಟು ಕೇಳಿಯೇಬಿಟ್ಟಿದ್ದಳು.

"ಅಲ್ಲ ಕಣಕ್ಕಾ, ನಿನ್ ಮಗಳು ಬರೀ ಬಾಯಿ ಆಡಿಸ್ತಾಳಂತೆ. ಪಾಟೆಲ್ಲಾ ಫೋನಿಂದ ಬತ್ತೈತಂತೆ. ಔದಾ?"

"ಯಾರೇ ಏಳಿದ್ದು?"

"ಯಾರು ಅಂತ ಏಳ್ಲಿ? ಎಲ್ಲಾರೂ ಏಳ್ತಾವ್ರೆ."

ನಮ್ಮ ಬೀದಿಯಲ್ಲಿ ಹಾಡಿಗೆ ಪಾಟು ಎನ್ನುತ್ತಾರೆ, ಹಕಾರ ಯಾರ ಬಾಯಲ್ಲೂ ನಿಲ್ಲದು; ಅವಳು ಕೇಳಿದ್ದು ರಾಣಿ ನಾಟಕದ ಹಾಡಿನ ವಿಷಯ. ರಾಣಿ ನಾಟಕ ಅಂದರೆ ಸೇಲಂನ ನಮ್ಮ ನೇಕಾರರ ಬೀದಿಯದೇ ನಾಟಕ. ನಮ್ಮ ತಾತಂದಿರ ತಲೆಮಾರಿನವರು ಕಟ್ಟಿದ್ದು, ಮೊದಲಿಂದ ಕೊನೆಯವರೆಗೂ ಹಾಡೇ. ಕಾಡು ಸೇರಿದ ರಾಣಿ ಒಬ್ಬ ನೇಕಾರನ ಮನೆಯಲ್ಲಿ ಆಶ್ರಯ ಪಡೆದು ಸೀರೆ ನೇಯುತ್ತಾಳೆ, ರಾಜ ಆ ಸೀರೆ ನೋಡಿ ಅವಳನ್ನು ಗುರುತು ಹಿಡಿಯುತ್ತಾನೆ. ಗುರುತು ಹಿಡಿಯುವ ಮೊದಲು ಮಗ್ಗದ ಮುಂದೆ ಕೂತು ರಾಣಿ ಒಂದು ಉದ್ದದ ಹಾಡು ಹಾಡಬೇಕು. ಆ ಹಾಡಿಗಾಗಿಯೇ ಜನ ಬರುತ್ತಿದ್ದರಂತೆ. ಸುಗ್ಗಿ ಮುಗಿದ ಮೇಲೆ ಪಾಪಿರೆಡ್ಡಿಪಟ್ಟಿಯ ಕಡೆಗೂ ಗಾಡಿಯಲ್ಲಿ ಹೋಗಿ ಆಡಿ ಬರುತ್ತಿದ್ದರಂತೆ. ಆಗೆಲ್ಲ ರಾಣಿಯ ವೇಷ ನನ್ನ ಮಾವನವರದು. ಸೀರೆ ಉಟ್ಟು, ಮೂಗುತಿ ಇಟ್ಟುಕೊಂಡ ಅವರ ಫೋಟೋ ಈಗಲೂ ನಮ್ಮ ಸಮಾಜದ ಕಲ್ಯಾಣ ಮಂಟಪದಲ್ಲಿದೆ. ನಾನು ಈ ಮನೆಗೆ ಬರುವ ಹೊತ್ತಿಗೆ ನಾಟಕ ನಿಂತು ಹೋಗಿತ್ತು, ಮಾವನವರ ಗಂಟಲೂ ಹೋಗಿತ್ತು. ಪಿಸುಮಾತಿನಲ್ಲೇ ನೀರು ಕೇಳುತ್ತಿದ್ದರು.

ಈಗ ಬೀದಿಯ ಕೆಲವರು ಸೇರಿ ಮತ್ತೆ ಆಡುತ್ತೇವೆ ಎಂದರು. ರಾಣಿಗೆ ನನ್ನ ಮಗಳನ್ನು ಆರಿಸಿದರು. ನನಗೇ ನಂಬಿಕೆ ಬರಲಿಲ್ಲ. ಅವಳು ಬಸ್ ಸ್ಟ್ಯಾಂಡ್ ಹತ್ತಿರ ಹಲ್ಲಿನ ಡಾಕ್ಟರೊಬ್ಬರ ಬಳಿ ರಿಸೆಪ್ಷನ್‌ನಲ್ಲಿ ಕೂರುವವಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಕನ್ನಡ ಅಕ್ಷರ ಒಂದೂ ಬರುವುದಿಲ್ಲ. ಅಂಥವಳು ಆರು ತಿಂಗಳು ಟೌನ್ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ತುಟಿ ಅಲ್ಲಾಡಿಸಿದಳು. ಸಂಜೆ ಅತ್ತೆಯ ಕೋಣೆ ಸೇರಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಕಾಫಿ ತೆಗೆದುಕೊಂಡು ಹೋದರೆ ಇಬ್ಬರೂ ಗಪ್‌ಚಿಪ್. ಮುಖ್ಯವಾದ ಆ ಮಗ್ಗದ ಹಾಡನ್ನು ಅವಳು ಪೂರ್ತಿ ಹಾಡಿದ್ದು ನನ್ನ ಕಿವಿಗೆ ಒಂದು ಸಲವೂ ಬಿದ್ದಿರಲಿಲ್ಲ. ಇನ್ನು ಅತ್ತೆ ಹಾಡು ಹೇಳಿಕೊಡುತ್ತಾರೆಂದರೆ ಹೇಗೆ ನಂಬುವುದು? ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದಾಗಲೂ ಒಂದು ಜೋಗುಳ ಹಾಡದ ಹೆಂಗಸು ಅವರು.

ಬೀದಿಯ ಮಾತನ್ನು ಮಗಳಿಗೆ ಮುಟ್ಟಿಸಿದ್ದೆ. ಅವಳ ಮುಖ ಸಣ್ಣಗಾಯಿತು. ಅವತ್ತು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಮಾತಾಡಿದಳು.

"ನೀನೂ ನಂಬಲ್ವಾಮ್ಮಾ?"

"ನಾನೇನು ಏಳ್ದೆ ಈಗ?"

"ನಿಜಮಾ ಏಳ್ತಾ ಇವ್ನಿ. ನನ್ ವಾಯ್ಸ್ ಅಲ್ಲ ಅಂತ ಜನ ಅಂದ್ರೆ ಇನ್ನೊಂದು ಸಲ ಸ್ಟೇಜ್ ಅತ್ತಲ್ಲ. ಈ ಪಾಟೂ ಬ್ಯಾಡ, ನಿಮ್ ಕನ್ನಡಾನೂ ಬ್ಯಾಡ."

ಹಾಗಾಗಿ ಚೀಲ ನೋಡಿದೆ. ಬಾಚಣಿಗೆ, ಪೌಡರ್ ಡಬ್ಬಿ, ತಮಿಳು ಅಕ್ಷರದಲ್ಲಿ ಕನ್ನಡ ಹಾಡುಗಳನ್ನು ಬರೆದುಕೊಂಡ ನೋಟುಪುಸ್ತಕ. ಕೆಳಗೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಬೆಳ್ಳಿ ಕಾಲ್ಗೆಜ್ಜೆ, ಅತ್ತೆಯ ಬಾಯಲ್ಲಿ ಕೊಲುಸು, ಒಂದು ಜೊತೆ. ಈಗಿನ ಅಂಗಡಿಯ ಹಗುರ ಮಾಲಲ್ಲ, ಕೈಗೆ ಭಾರ ಗೊತ್ತಾಗುವಂಥದ್ದು. ರಾಣಿಯ ವೇಷಕ್ಕೆ ಮಾವನವರು ಕಟ್ಟುತ್ತಿದ್ದದ್ದು. ಅತ್ತೆಯ ಟ್ರಂಕಿನ ತಳದಲ್ಲಿರುತ್ತಿತ್ತು. ಇಷ್ಟು ವರ್ಷದಲ್ಲಿ ಧೂಳು ಒರೆಸಲಿಕ್ಕೂ ನನ್ನ ಕೈಗೆ ಕೊಟ್ಟವರಲ್ಲ. ಇಬ್ಬರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಇದ್ದ ಹಾಗೇ ಸುತ್ತಿ ಇಟ್ಟೆ.

ಮೂರು ಗಂಟೆಗೆ ಮಂಟಪದಲ್ಲಿ ನಾಟಕ. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ಗೋಡೆಗೆ ಹಾಕಿದ ದೊಡ್ಡ ಫ್ಯಾನುಗಳು ಗುಂಯ್ ಎನ್ನುತ್ತಿದ್ದವು. ಜನ ನಾಟಕ ನೋಡಲು ಬಂದಿದ್ದರೋ ಏನಾದರೂ ತಪ್ಪು ಹಿಡಿಯಲು ಬಂದಿದ್ದರೋ, ಹೇಳುವುದು ಕಷ್ಟ. ಮುಂದಿನ ಸಾಲಿನ ಹಿರಿಯರೆಲ್ಲ ಕೈಕಟ್ಟಿ ಕೂತಿದ್ದರು. ಅವರ ನಡುವೆ ನಮ್ಮವರ ದೊಡ್ಡಪ್ಪ, ಅಂದರೆ ಮಾವನವರ ಅಣ್ಣನ ವರಸೆಯವರು. ಆ ಕಾಲದಲ್ಲಿ ಮಾವನವರು ರಾಣಿಯಾದರೆ ಇವರು ರಾಜ. ಈಗ ಕೋಲಿಲ್ಲದೆ ನಡೆಯಲಾಗದು, ಆದರೆ ಗಂಟಲು ಹಾಗೇ ಇದೆ.

ಹಾರ್ಮೋನಿಯಂ ಬದಲು ಕೀಬೋರ್ಡ್ ಶುರುವಾದದ್ದೇ ತಡ, "ಇದೇನ್ಲಾ, ಸಿನಿಮಾ ಟೆಂಟ್ ಕೊಟ್ಟಾಯಿಗೆ ಬಂದ್ಬುಟ್ವಾ?" ಎಂದರು ಯಾರೋ.

ಹೆಂಗಸರ ಕಡೆ ಸೀರೆಯ ಮೇಲೆ ಕಣ್ಣು. "ಕೈಮಗ್ಗದ್ದಲ್ಲ ಕಣೇ ಅದು. ಪವರ್‌ಲೂಮು. ನೆರಿಗೆ ಬೀಳ್ತಿರೋದ್ ನೋಡು."

ಮಗ್ಗವನ್ನು ರಂಗದ ಮೇಲೆ ತಂದಿಟ್ಟಾಗಂತೂ ಬೀದಿಗೆ ಬೀದಿಯೇ ಕುರ್ಚಿಯಿಂದ ಮುಂದಕ್ಕೆ ಬಾಗಿತು. "ಆಸು ಎಲ್ಲಲಾ? ಆಸು ಇಲ್ದೆ ರಾಣಿ ಏನ್ ನೇಯ್ತಾಳೆ, ಗಾಳೀನಾ?" ನಿಜವೇ, ಮಗ್ಗಕ್ಕೆ ಹಾಸು, ಅಂದರೆ ಉದ್ದನೂಲು, ಹೂಡಿರಲಿಲ್ಲ, ಮೇಲೆ ಒಂದು ಬಟ್ಟೆ ಹಾಸಿದ್ದರು ಅಷ್ಟೇ. ಹುಟ್ಟಿದಂದಿನಿಂದ ಮಗ್ಗದ ಸದ್ದು ಕೇಳಿದವರ ಮುಂದೆ ಆ ಮೋಸ ನಡೆಯುತ್ತದೆಯೇ? ಮಗ್ಗವೇ ಸುಳ್ಳಾದ ಮೇಲೆ ಹಾಡೂ ಸುಳ್ಳೇ ಎಂದು ಆಗಲೇ ತೀರ್ಮಾನ ಆದಂತಿತ್ತು.

ಮಗಳು ಮಗ್ಗದ ಮುಂದೆ ಕೂತು ಹಾಡು ಎತ್ತಿಕೊಂಡಳು. ದನಿ ಬಂತು. ಚೆನ್ನಾಗಿಯೂ ಇತ್ತು, ಅದೇ ನನಗೆ ಭಯ. ಇಷ್ಟು ಚೆನ್ನಾಗಿ ಇವಳಿಂದ ಸಾಧ್ಯವೇ? ಮೂರು ಸಾಲು ಆಯಿತು. ನಾಲ್ಕನೆಯ ಸಾಲಿಗೆ ಮುಂಚೆ ನಿಂತುಬಿಟ್ಟಳು. ತಲೆ ಬಗ್ಗಿಸಿ ಬಲಗಾಲನ್ನು ಎರಡು ಸಲ ತಟ್ಟಿದಳು. ಗೆಜ್ಜೆ ಝಲ್ ಝಲ್ ಎಂದಿತು. ಆಮೇಲೆ ನಾಲ್ಕನೆಯ ಸಾಲು.

"ಸಿಕ್ಕಾಕ್ಕಂತು! ಫೋನಲ್ಲಿ ಪಾಟು ಸಿಕ್ಕಾಕ್ಕಂತು ನೋಡ್ರಪ್ಪೋ!" ಎಂದು ಯಾರೋ ಕೂಗಿದರು.

ಮಂಟಪ ನಗೆಯಲ್ಲಿ ಮುಳುಗಿತು. ನಗು ನಿಲ್ಲುವ ಮೊದಲೇ ದೊಡ್ಡಪ್ಪನವರ ದನಿ: "ಒನ್ಸ್ ಮೋರ್!"

ಇದು ನಮ್ಮ ಬೀದಿಯ ಹಳೇ ಕಟ್ಟಳೆ. ಒನ್ಸ್ ಮೋರ್ ಬಿದ್ದರೆ ಮತ್ತೆ ಹಾಡಲೇಬೇಕು. ಒಂದು ಸಲ ಸತ್ತು ಬಿದ್ದಿದ್ದ ಮಂತ್ರಿಯೂ ಎದ್ದು ಹಾಡಿ ಮತ್ತೆ ಸತ್ತನಂತೆ. ಆದರೆ ಅವತ್ತಿನ ಒನ್ಸ್ ಮೋರ್ ಮೆಚ್ಚಿ ಕೂಗಿದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ಮೊದಲಿಂದ ಎತ್ತಿಕೊಂಡಳು. ಮೂರು ಸಾಲು, ಮತ್ತೆ ಅದೇ ಜಾಗದಲ್ಲಿ ನಿಂತಳು, ಅದೇ ಝಲ್ ಝಲ್.

"ನೋಡ್ದಾ? ಅದೇ ಜಾಗ! ಮನ್ಸ ಆಡಿದ್ರೆ ಒಂದೇ ಜಾಗದಲ್ಲಿ ಎರಡು ದಪ ಸಿಕ್ಕಾಕ್ಕಂತಾನಾ?"

ಆ ಹೊತ್ತಿಗೆ ನನಗೂ ಹಾಗೇ ಅನ್ನಿಸಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆಯನ್ನು ನೋಡಿದೆ. ಅವರು ರಂಗ ನೋಡುತ್ತಿರಲಿಲ್ಲ. ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡುತ್ತಿದ್ದರು.

ದೊಡ್ಡಪ್ಪ ಕೋಲೂರಿ ಎದ್ದರು. "ಮೈಕ್ ಬಿಚ್ಚಿಟ್ಟು ಆಡಮ್ಮಾ, ಕೇಳಣ."

ಮಗಳು ಸೆರಗಿಗೆ ಸಿಕ್ಕಿಸಿದ್ದ ಸಣ್ಣ ಮೈಕನ್ನು ಬಿಚ್ಚಿ, ಆರಿಸಿ ಮಗ್ಗದ ಮೇಲಿಟ್ಟು ಹಾಡಿದಳು. ಫ್ಯಾನುಗಳ ಗುಂಯ್‌ನಲ್ಲಿ ನಮಗೆ ಅವಳ ತುಟಿ ಮಾತ್ರ ಕಂಡಿತು.

"ಬಾಯಿ ಆಡ್ತೈತೆ, ಸದ್ದೇ ಇಲ್ಲ!" ಹಿಂದಿನಿಂದ ಇನ್ನೊಂದು ನಗೆ.

ಅವಳು ನಿಲ್ಲಿಸಿ ನಮ್ಮ ಕಡೆ ನೋಡಿದಳು. ನನ್ನನ್ನೇ ನೋಡಿದಳು ಎಂದೇ ಈಗಲೂ ನನ್ನ ಲೆಕ್ಕ. ನಾನು ತಲೆ ತಗ್ಗಿಸಿದೆ. ಅದನ್ನು ಬರೆದಿಡಬೇಕು.

ದೊಡ್ಡಪ್ಪ ಅಷ್ಟಕ್ಕೆ ಬಿಡಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ರಂಗದ ಮೇಲೆ ಹೋಗಿ ಜನರ ಕಡೆ ತಿರುಗಿದರು. "ಈ ಮನೇದು ಮೊದಲಿಂದ್ಲೂ ಇಂಗೇ. ಇವಳ ತಾತನ ಪಕ್ಕದಲ್ಲಿ ರಾಜನಾಗಿ ನಿಂತಿದ್ದೋನು ನಾನು. ನೀವೆಲ್ಲಾ ಮುಂದೆ ಕುಂತು ಕೈ ತಟ್ಟಿದ್ರಿ. ನಂಗೆ ಪಾಟು ಅವನ ಬಾಯಿಂದ ಬತ್ತಿರಲಿಲ್ಲ, ಬೆನ್ನ ಇಂದಗಡೆಯಿಂದ ಬತ್ತಿತ್ತು. ಸಾಯೋ ತನಕ ಕೇಳ್ದೆ, ಬಾಯಿ ಬುಡಲಿಲ್ಲ."

"ದೊಡ್ಡಪ್ಪಾ, ಸತ್ತೋರ ಮ್ಯಾಲೆ ಯಾಕೆ..." ಎಂದು ನಮ್ಮವರು ಎದ್ದರು.

ದೊಡ್ಡಪ್ಪ ಕೋಲಿನ ತುದಿಯಿಂದ ಹಿಂದಿನ ಪರದೆಯನ್ನು ಸರಿಸಿ ಬಗ್ಗಿ ನೋಡಿದರು. ಅಲ್ಲಿದ್ದದ್ದು ಒಂದು ಟೀ ಫ್ಲಾಸ್ಕು, ಯಾರದೋ ಚಪ್ಪಲಿ. ಪರದೆಯ ಇನ್ನೊಂದು ಕಡೆಯನ್ನೂ ಸರಿಸಿದರು.

ಆಗ ನನ್ನ ಭುಜದ ಮೇಲೆ ಭಾರ ಬಿತ್ತು. ಅತ್ತೆ ನನ್ನನ್ನು ಹಿಡಿದುಕೊಂಡು ಎದ್ದಿದ್ದರು.

"ಅಲ್ಯಾಕೆ ಉಡುಕ್ತೀರಾ ಭಾವ? ಅವತ್ತು ಅಲ್ಲಿದ್ದೋಳು ನಾನು. ಇವತ್ತು ಇಲ್ಲಿ ಕುಂತಿದ್ದೀನಲ್ಲ."

ಎಲ್ಲರಿಗೂ ಕೇಳಿಸಲಿಲ್ಲ. ಕೇಳಿಸಿದವರು ಕೇಳಿಸದವರಿಗೆ ಹೇಳಿದರು. ಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋದದ್ದು ಕಣ್ಣಿಗೆ ಕಾಣುತ್ತಿತ್ತು.

"ಅವ್ರ ಗಂಟಲು ಕೆಟ್ಮೇಲೆ ಆಡ್ತಿದ್ದೋಳು ನಾನೇ," ಎಂದರು ಅತ್ತೆ. "ಪರದೆ ಇಂದೆ ನಿಂತೋಳಿಗೆ ಅವ್ರ ಬಾಯಿ ಕಾಣಲ್ಲ. ಮೂರು ಸಾಲು ಆದ್ಮೇಲೆ ರೆಡಿ ಅಂತ ಕಾಲು ತಟ್ಟೋರು, ನಾನು ಮುಂದಿನ ಸಾಲು ಎತ್ಕೊಳೋಳು. ಕೊಲುಸಿನ ಸದ್ದು ಅದಕ್ಕೇ. ಇವಳಿಗೂ ಅಂಗೇ ಏಳ್ಕೊಟ್ಟೆ. ನಂಗೆ ಬೇರೆ ತರ ಬರಲ್ಲ."

ನಾನು ಫೋಟೋ ನೋಡಿದೆ. ಎಲ್ಲರೂ ಫೋಟೋ ನೋಡಿದರು. ಬೀದಿಯಲ್ಲಿ ಹಾಡಿಗೆ ಹೆಸರಾದ ಮನುಷ್ಯ, ಮೂಗುತಿ ಇಟ್ಟುಕೊಂಡು ನಗುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಮೊಮ್ಮಗಳ್ನ ಉಳ್ಸಕ್ಕೆ ಗಂಡನ ಎಸರು ಕೆಡಿಸ್ತಾವ್ಳೆ ಮುದುಕಿ. ಇದೂ ಸುಳ್ಳೇ," ಎಂದಳು. ಆ ಮಾತಿಗೂ ಕೆಲವರು ತಲೆಯಾಡಿಸಿದರು.

ಅತ್ತೆ ಅವಳ ಕಡೆ ತಿರುಗಲಿಲ್ಲ. "ಫ್ಯಾನ್ ಆರ್ಸಿ," ಎಂದರು.

ಯಾರೂ ಏಳಲಿಲ್ಲ. ನಾನು ಎದ್ದೆ. ಗೋಡೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಿದೆ. ರೆಕ್ಕೆಗಳು ನಿಧಾನವಾಗಿ ನಿಂತವು. ಮಂಟಪ ಬಿಸಿಯೇರಿತು. ಯಾರೋ ಕೆಮ್ಮಿದ್ದು ಬಾಗಿಲವರೆಗೂ ಕೇಳಿತು.

"ಈಗ ಆಡು," ಎಂದರು ಅತ್ತೆ ಮೊಮ್ಮಗಳಿಗೆ. "ಕಾಲು ತಟ್ಬ್ಯಾಡ. ನಾನು ಇಂದೆ ಇಲ್ಲ. ಎಳ್ಕೊಂಡ್ ಓಯ್ತಾ ಇರು."

ಮೈಕ್ ಮಗ್ಗದ ಮೇಲೆ ಬಿದ್ದಿತ್ತು, ಅದರ ದೀಪ ಆರಿತ್ತು. ಮಗಳು ಹಾಡಿದಳು. ಮೊದಲ ಸಾಲಿನಲ್ಲಿ ದನಿ ನಡುಗಿತು. ಮೂರನೆಯದು ಮುಗಿದಾಗ ಬಲಗಾಲು ಮೇಲೆ ಎದ್ದದ್ದನ್ನು ಕಂಡೆ. ತಟ್ಟದೆ ಕೆಳಗಿಟ್ಟಳು. ನಾಲ್ಕನೆಯ ಸಾಲಿಗೆ ನೇರ ಹೋದಳು. ಮೈಕಿನಲ್ಲಿ ಬಂದಷ್ಟು ಚೆನ್ನಾಗಿರಲಿಲ್ಲ ಆ ಹಾಡು. ಒಂದು ಕಡೆ ಉಸಿರು ಸಾಲಲಿಲ್ಲ. ಆ ಉಸಿರು ಸಾಲದ ಜಾಗದಲ್ಲಿ ನನ್ನ ಅನುಮಾನ ಹೋಯಿತು. ದೊಡ್ಡಪ್ಪ ಪೂರ್ತಿ ಹಾಡನ್ನೂ ಪರದೆಯ ಅಂಚು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಮುಗಿದ ಮೇಲೆ ಇಳಿದು ಬಂದವರು ಅತ್ತೆಯ ಮುಂದೆ ನಿಂತು, "ನಲವತ್ತು ವರ್ಷ ನಂಗೇ ಉಚ್ಚು ಇಡಿದೈತೆ ಅಂದ್ಕೊಂಡಿದ್ದೆ ಕಣಮ್ಮಾ," ಎಂದಷ್ಟೇ ಹೇಳಿ ಕುರ್ಚಿ ಹುಡುಕಿಕೊಂಡು ಕೂತರು.

ಹಿಂದಿನಿಂದ ಯಾರೋ "ಒನ್ಸ್ ಮೋರ್" ಎಂದರು. ಪರೀಕ್ಷೆಗೋ, ಮೆಚ್ಚಿಯೋ, ನನಗೆ ಗೊತ್ತಾಗಲಿಲ್ಲ. ಮಗಳು ನೀರು ಕೇಳಿ ಕುಡಿದು ಇನ್ನೊಂದು ಸಲ ಹಾಡಿದಳು. ಆಮೇಲೆ ರಾಜ ಬಂದು ಗುರುತು ಹಿಡಿದ. ಅವನ ಮೀಸೆ ಒಂದು ಕಡೆ ಬಿಚ್ಚಿಕೊಂಡಿತ್ತು, ಅದನ್ನು ನೋಡುವವರೇ ಇರಲಿಲ್ಲ. ಜನ ಆಗಲೇ ಬೇರೆ ವಿಷಯಕ್ಕೆ ಹೋಗಿದ್ದರು. ಫೋಟೋ ಅಲ್ಲೇ ಇರಬೇಕಾ, ತೆಗೀಬೇಕಾ, ಇಲ್ಲಾ ಪಕ್ಕದಲ್ಲಿ ಮುದುಕಿಯದೂ ಒಂದು ಹಾಕಬೇಕಾ.

ನಾಲ್ಕೂ ಜನ ಆಟೋದಲ್ಲಿ ಮನೆಗೆ ಬಂದೆವು. ನಮ್ಮವರು ಬಂದವರೇ ಮಗ್ಗದ ಗುಂಡಿಗೆ ಇಳಿದು ಕೂತರು, ಆದರೆ ಲಾಳಿ ಎಸೆದ ಸದ್ದು ಬರಲಿಲ್ಲ. ಅಪ್ಪನ ಹಾಡನ್ನು ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂತು ಕೇಳಿದ್ದೆ ಎಂದು ಅವರು ಎಷ್ಟೋ ಸಲ ಹೇಳಿದ್ದುಂಟು. ಯಾರ ತೊಡೆ, ಯಾರ ದನಿ ಎಂದು ಈಗ ಕೂತು ಬಿಡಿಸಿಕೊಳ್ಳುತ್ತಿದ್ದರೇನೋ.

ಬೆಳಗಿನ ಇಡ್ಲಿ ಮಿಕ್ಕಿತ್ತು. ಪುಡಿ ಮಾಡಿ ಸಾಸಿವೆ, ಒಣಮೆಣಸಿನಕಾಯಿ ಹಾಕಿ ಉಪ್ಪಿಟ್ಟಿನ ಹಾಗೆ ಒಗ್ಗರಿಸಿದೆ, ಜೊತೆಗೆ ಕಡಲೆ ಚಟ್ನಿ. ಬಡಿಸುತ್ತಾ ಅತ್ತೆಯನ್ನು ಮೆಲ್ಲಗೆ ಕೇಳಿದೆ.

"ಎಷ್ಟು ವರ್ಷ ಅತ್ತೆ, ಅಂಗೆ ಇಂದೆ ನಿಂತು ಆಡಿದ್ದು?"

"ಚಟ್ನಿಗೆ ಉಪ್ಪು ಸಾಲಲ್ಲ," ಎಂದರು.

ಉಪ್ಪು ತಂದಿಟ್ಟೆ. ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು. "ಅಜ್ಜಿ, ನಾಳೆ ಎರಡ್ನೇ ಪಾಟು ಸರಿ ಮಾಡ್ಕೊಳಣ," ಎಂದಳು, ಪೂರ್ತಿ ಕನ್ನಡದಲ್ಲೇ. ನಾನು ಕೇಳಿಸದವಳ ಹಾಗೆ ಪಾತ್ರೆ ಎತ್ತಿದೆ.

ಮೊದಲು ಮಲಗಿದ್ದು ಅವಳೇ, ಗೆಜ್ಜೆ ಕೂಡ ಬಿಚ್ಚದೆ, ಮಗ್ಗದ ಪಕ್ಕದ ಚಾಪೆಯ ಮೇಲೆ. ಬಿಚ್ಚೋಣವೆಂದು ಬಗ್ಗಿದರೆ ಅತ್ತೆ ಬೇಡ ಎಂದು ಕೈಯಾಡಿಸಿದರು. ಆಮೇಲೆ ಅವರೂ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದರು. ನಿದ್ದೆ ಬಂದಿತ್ತು ಅಂತ ನಾನು ನಂಬಲಿಲ್ಲ.