ತೊಟ್ಟಿ ಅನುಮತಿಯ ಎಂಟ್ವಿಸಲ್

ಇಂಗ್ಲೆಂಡಿನ ಲ್ಯಾಂಕಶೈರಿನ ನಮ್ಮ ಊರಲ್ಲಿ ಮನೆಯ ಹಳೆ ಸಾಮಾನು ಎಸೆಯಲು ರಸ್ತೆಯಲ್ಲಿ ಕಬ್ಬಿಣದ ದೊಡ್ಡ ತೊಟ್ಟಿ ಇಡಿಸಬೇಕಾದರೆ ನಗರಸಭೆಯ ಕ್ಲಿಫರ್ಡ್ ಎಂಟ್ವಿಸಲ್ ಅವರ ಅನುಮತಿ ಬೇಕು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು. ಫೋನು ಹೊಡೆದುಕೊಂಡರೆ ಸಾಕು, ಮೊದಲು ಒಂದು ನಿಟ್ಟುಸಿರು, ಆಮೇಲೆ ಆರಿದ ಚಹಾದ ಒಂದು ಗುಟುಕು, ಕೊನೆಗೆ, "ಕತ್ತಲಾದ್ಮೇಲೆ ತೊಟ್ಟಿಗೆ ದೀಪ ಹಚ್ತೀರಾ? ಚರಂಡಿ ಮುಚ್ಚಳದ ಮೇಲೆ ಇಡಲ್ಲ ತಾನೆ?" ಮದುವೆಗೆ ಕರೆಯಲು ಹೋದರೂ ಅವರು ಕೇಳುವುದು ಇದನ್ನೇ ಎಂದು ನಾವು ನಗುತ್ತಿದ್ದೆವು. ಇಡೀ ಊರು ತನ್ನ ಗೋಡೆಗಳನ್ನೆಲ್ಲ ಒಡೆದು ತಮ್ಮ ತಲೆಯ ಮೇಲೇ ಸುರಿಯುತ್ತಿದೆ ಎಂಬಂತಿತ್ತು ಅವರ ಮುಖ. ಅವಧಿ ಮೀರಿದ ತೊಟ್ಟಿಯನ್ನು ಒಂದು ದಿನವೂ ಸಹಿಸಿದವರಲ್ಲ. ಈನಿಡ್ ಆಗ್ಡನ್ ಎಂಬ ಮುದುಕಿ, ಗಂಡ ತೀರಿಕೊಂಡ ಮೇಲೆ ತರಿಸಿದ ತೊಟ್ಟಿಗೆ ಮತ್ತೆ ಮತ್ತೆ ಹೆಚ್ಚಿನ ಅವಧಿ ಕೇಳಿದಾಗ ಎಂಟ್ವಿಸಲ್ ರೇಗಿ, ನನ್ನನ್ನೂ ಕರೆದುಕೊಂಡು ಆಕೆಯ ಮನೆಗೆ ಹೊರಟರು. ತೊಟ್ಟಿಯಲ್ಲಿ ಮಳೆನೀರು ಬಿಟ್ಟರೆ ಏನೂ ಇರಲಿಲ್ಲ. ಗಂಡನ ಒರಗುಕುರ್ಚಿ ಬಾಗಿಲಲ್ಲೇ ನಿಂತಿತ್ತು. "ದಿನಾ ಇಲ್ಲಿತನಕ ಎಳ್ಕೊಂಡು ಬರ್ತೀನಿ ಕಣಪ್ಪಾ, ಹೊಸಿಲು ದಾಟ್ಸಕ್ಕೆ ಆಗ್ತಿಲ್ಲ," ಎಂದರು ಆಕೆ. ಎಂಟ್ವಿಸಲ್ ಕೋಟು ಬಿಚ್ಚಿ ಕುರ್ಚಿಗೆ ಕೈ ಹಾಕಿದರು. "ಬನ್ನಿ ತಾಯಿ, ನೀವು ಆ ಕಡೆ ಹಿಡ್ಕೊಳ್ಳಿ. ಇದನ್ನ ಒಳಗಡೆನೇ ಇಡೋಣ. ತೊಟ್ಟಿ ಖಾಲೀನೇ ಹೋಗ್ಲಿ ಬಿಡಿ."