ಅವ್ವ ಕೊಟ್ಟ ಉತ್ತರ

“ಯಾವಾಗ ಮರಳಿ ಬರುತ್ತೀರಿ?” ಎಂದು ವೀಸಾ ಅಧಿಕಾರಿ ಮರಾಠಿಯಲ್ಲಿ ಕೇಳಿದರು. ಅವ್ವನಿಗೆ ಮರಾಠಿ ಬಾರದು. ನಾನು ಕನ್ನಡದಲ್ಲಿ ತಿಳಿಸಿದೆ. ಅವಳು ನನ್ನ ಮುಖ ನೋಡದೆ, “ತಿರುಗಿ ಬರೂದಿಲ್ಲಂತ ಹೇಳಪಾ” ಎಂದಳು.

ಗೋವಾ ಆಗಿನ್ನೂ ಪೋರ್ತುಗೀಜರ ಕೈಯಲ್ಲಿತ್ತು. ಅಲ್ಲಿನ ಮಡಗಾಂವದಲ್ಲಿದ್ದ ನನ್ನ ತಂಗಿಯ ಬಾಣಂತನಕ್ಕೆ ಅವ್ವನನ್ನು ಕಳಿಸಬೇಕೆಂದು ವೀಸಾಕ್ಕಾಗಿ ಮುಂಬಯಿಗೆ ಕರೆತಂದಿದ್ದೆ. “ಒಂದು ತಿಂಗಳಿಗೆ ಬರ್ತೀನ್ರಿ” ಎಂಬ ಉತ್ತರವನ್ನು ಗದಗಿನಿಂದ ರೈಲಿನುದ್ದಕ್ಕೂ ಬಾಯಿಪಾಠ ಮಾಡಿಸಿದ್ದೆ.

“ಯಾಕವ್ವಾ?” ಎಂದೆ.

“ನಿಮ್ಮಪ್ಪ ಹೋದಮ್ಯಾಲೆ ಆ ಮನ್ಯಾಗ ನನ್ನ ಕೂಡ ಯಾರು ಮಾತಾಡ್ತೀರಿ? ಉಂಡ್ಯಾ ಅಂತ ಕೇಳ್ತೀರಿ, ಅಲ್ಲಿಗೆ ಆತು.”

ಅಧಿಕಾರಿ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು. “ಒಂದು ತಿಂಗಳಿಗೆ ಬರುತ್ತಾಳಂತೆ” ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಅವರು ಬರೆದುಕೊಂಡು ಮುದ್ರೆ ಒತ್ತಿದರು.

ವೀಸಾದಲ್ಲಿ ಬರೆದ ತಿಂಗಳು ತುಂಬುವ ಮೊದಲೇ ಅವ್ವ ಬಂದಳು. ಗದಗ ನಿಲ್ದಾಣದಲ್ಲಿ ಅವಳ ಗಂಟು ಇಳಿಸಿಕೊಂಡು, ಟಾಂಗಾದಲ್ಲಿ ಪಕ್ಕದಲ್ಲೇ ಕುಳಿತೆ. ಮನೆ ಮುಟ್ಟುವ ತನಕವೂ, ಹೆತ್ತವಳ ಕೂಡ ಏನು ಮಾತಾಡಬೇಕೆಂಬುದೇ ನನಗೆ ಹೊಳೆಯಲಿಲ್ಲ.